‘ಗೋ ಆಫ್’ ನನಗೆ ಅರ್ಥವಾದ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷಿನ ಉದ್ದುದ್ದ ಪದಗಳು ಜಾಸ್ತಿ ಕಷ್ಟ ಕೊಡಲಿಲ್ಲ. ನಿಘಂಟು ತೆಗೆದರೆ ಸಾಕು, ಕೆಲಸ ಮುಗಿಯುತ್ತಿತ್ತು. ಕಾಡಿದ್ದು ಗೋ, ಗೆಟ್, ಪುಟ್, ಟೇಕ್ ಅನ್ನುವ ಚಿಕ್ಕ ಪದಗಳು. ಇವಕ್ಕೆ ಅಪ್, ಆಫ್, ಔಟ್ ಸೇರಿ ಫ್ರೇಸಲ್ ವರ್ಬ್ ಆದರೆ ಅರ್ಥ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

‘ಗೋ ಆಫ್’ ನೋಡಿ. ‘ದ ಲೈಟ್ಸ್ ವೆಂಟ್ ಆಫ್’ ಅಂದರೆ ದೀಪ ಆರಿತು. ‘ದ ಅಲಾರಂ ವೆಂಟ್ ಆಫ್’ ಅಂದರೆ ಅಲಾರಂ ಹೊಡೆಯಿತು. ಅಲ್ಲಿ ನಿಂತುಹೋಯಿತು, ಇಲ್ಲಿ ಶುರುವಾಯಿತು! ‘ದ ಬಾಂಬ್ ವೆಂಟ್ ಆಫ್’ ಅಂದರೆ ಸಿಡಿಯಿತು. ‘ದ ಮಿಲ್ಕ್ ಹ್ಯಾಸ್ ಗಾನ್ ಆಫ್’ ಅಂದರೆ ಹಾಲು ಕೆಟ್ಟಿದೆ.

ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದನ್ನು ನಾನು ಬಿಟ್ಟೆ. ಅದರ ಬದಲು ‘ಗೋ ಆಫ್’ ಆಗಿದ್ದು ಯಾವುದು ಅಂತ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಅಲಾರಂ, ಸೈರನ್, ಬಾಂಬ್, ಬಂದೂಕು ಒಂದು ಕಡೆ. ಲೈಟು, ಹೀಟರು ಇನ್ನೊಂದು ಕಡೆ. ಹಾಲು, ಮೀನು, ಮಾಂಸ ಮತ್ತೊಂದು ಕಡೆ. ಗುಂಪು ಕಂಡ ಮೇಲೆ ಅರ್ಥ ತಾನಾಗಿಯೇ ಬಂತು. ನಾವು ಕನ್ನಡದಲ್ಲಿ ಮಾಡುವುದೂ ಇದನ್ನೇ ಅಲ್ವಾ? ಮೊಳೆ ಹೊಡೆ, ಬಣ್ಣ ಹೊಡೆ, ಗೊರಕೆ ಹೊಡೆ, ಹರಟೆ ಹೊಡೆ. ಪಕ್ಕದ ಪದ ನೋಡಿ ಅರ್ಥ ಹಿಡಿಯುತ್ತೇವೆ, ಯಾರೂ ತಡವರಿಸುವುದಿಲ್ಲ.

ಆಮೇಲೆ ‘ಆಫ್’ ಬಗ್ಗೆ ಒಂದು ವಿಷಯ ಹೊಳೆಯಿತು. ಇದ್ದ ಸ್ಥಿತಿಯಿಂದ ಕಳಚಿಕೊಳ್ಳುವುದು ಅಂತ ಅದನ್ನು ಇಟ್ಟುಕೊಳ್ಳಿ. ಅಲಾರಂ ಸುಮ್ನೆ ಕೂತಿರುವ ವಸ್ತು. ಅದು ಆ ಸ್ಥಿತಿ ಬಿಟ್ಟರೆ ಸದ್ದು. ದೀಪ ಉರಿಯುತ್ತಿರುತ್ತದೆ. ಅದು ಆ ಸ್ಥಿತಿ ಬಿಟ್ಟರೆ ಕತ್ತಲೆ. ಹಾಲೂ ಹಾಗೆಯೇ. ಎಲ್ಲ ಕಡೆಗೂ ಇದು ಹೊಂದುವುದಿಲ್ಲ, ವ್ಯಾಕರಣದ ನಿಯಮವೂ ಅಲ್ಲ. ಆದರೆ ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಮನುಷ್ಯರ ವಿಷಯದಲ್ಲಿ ಮಾತ್ರ ಹಿಂದಿನ ಪದ ನೋಡಿದರೆ ಸಾಲದು, ಮುಂದಿನದನ್ನೂ ನೋಡಬೇಕು. ‘ಶಿ ವೆಂಟ್ ಆಫ್ ಟು ವರ್ಕ್’ ಅಂದರೆ ಕೆಲಸಕ್ಕೆ ಹೊರಟಳು. ‘ಐ ಹ್ಯಾವ್ ಗಾನ್ ಆಫ್ ಕಾಫಿ’ ಅಂದರೆ ಕಾಫಿ ಈಗ ರುಚಿಸುತ್ತಿಲ್ಲ. ‘ಹಿ ವೆಂಟ್ ಆಫ್ ಆನ್ ಮಿ’ ಅಂದರೆ ನನ್ನ ಮೇಲೆ ಹರಿಹಾಯ್ದ. ಇದು ಅಮೆರಿಕದವರ ಮಾತಿನಲ್ಲಿ ಹೆಚ್ಚು. ಹಾಲು, ಕಾಫಿಯ ಬಳಕೆ ಬ್ರಿಟಿಷರದು. ಹಾಲು ಕೆಟ್ಟರೆ ಅಮೆರಿಕದವರು ಸಾಮಾನ್ಯವಾಗಿ ‘ಗೋ ಬ್ಯಾಡ್’ ಅನ್ನುತ್ತಾರೆ.

ಈಗ ಹೊಸ ಫ್ರೇಸಲ್ ವರ್ಬ್ ಎದುರಾದರೆ ಮೊದಲು ಅಕ್ಕಪಕ್ಕ ನೋಡುತ್ತೇನೆ. ಆಮೇಲೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ತೆಗೆದು, ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯಗಳನ್ನು ಓದುತ್ತೇನೆ. ‘ಟೇಕ್ ಆಫ್’ ಬಿಡಿಸಿಕೊಂಡಿದ್ದು ಹೀಗೆಯೇ. ‘ಟೇಕ್ ಇಟ್ ಆಫ್’ ಅಂತ ನಡುವೆ ‘ಇಟ್’ ಬಂದರೆ ಬಟ್ಟೆಯನ್ನೋ ಚಪ್ಪಲಿಯನ್ನೋ ಕಳಚುವ ಮಾತಿರಬಹುದು. ಏನನ್ನು ಅಂತ ಹೇಳದೆಯೇ ವಾಕ್ಯ ಮುಗಿದರೆ ವಿಮಾನ ಮೇಲೇರಿತು, ಇಲ್ಲವೇ ಯಾರದೋ ವ್ಯಾಪಾರ ಕುದುರಿತು.