ಪ್ಲೈವುಡ್ಡಿನ ಮುಖ ಬಿಟ್ಟು ಅಂಚು ನೋಡಲು ಶುರು ಮಾಡಿದ ಮೇಲೆ

2022ರ ಮಳೆಗಾಲ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪುಸ್ತಕದ ಕಪಾಟಿಗೆ 180 ನಂಬರಿನ ಪೇಪರ್ ಹಾಕಿ ಸ್ಯಾಂಡಿಂಗ್ ಮಾಡುತ್ತಿದ್ದೆ. ಬೆಳ್ಳಗಿನ ಬರ್ಚ್ ಪ್ಲೈ (ಚಳಿ ದೇಶದ ಬರ್ಚ್ ಮರದ ಪ್ಲೈವುಡ್) ಮೇಲೆ ಬೆರಳಗಲದ ಒಂದು ಕಂದು ಕಲೆ ಎದ್ದಿತು. ಅಂಟು ಬಿದ್ದಿರಬೇಕು ಅಂದುಕೊಂಡು ಇನ್ನೆರಡು ಸಲ ಉಜ್ಜಿದೆ. ಕಲೆ ಅಂಗೈಯಷ್ಟಾಯಿತು. ಬಗ್ಗಿ ನೋಡಿದರೆ ಮರದ ಎಳೆಗಳು ಅಲ್ಲಿ ಉದ್ದಕ್ಕೆ ಇರಲಿಲ್ಲ, ಅಡ್ಡಕ್ಕೆ ಇದ್ದವು. ಮೇಲಿನ ಪದರ ಪೂರ್ತಿ ಸವೆದು, ಕೆಳಗಿನ ಅಂಟು ಮತ್ತು ಅದರ ಕೆಳಗಿನ ಬೇರೆ ಮರ ಹೊರಗೆ ಬಂದಿತ್ತು. ಎರಡು ವರ್ಷದ ಹಿಂದೆ ಇದೇ ಮಿಷನ್ನು, ಇದೇ ಪೇಪರ್ ಹಾಕಿ ಬರ್ಚ್ ಪ್ಲೈ ಎಷ್ಟು ಉಜ್ಜಿದ್ದರೂ ಹೀಗಾಗಿರಲಿಲ್ಲ.

ಆ ಕೆಲಸದ ಗ್ರಾಹಕರು ಅಂಚು ಕಾಣುವ ಹಾಗೇ ಬಿಡಬೇಕು ಅಂದಿದ್ದರು. ಬರ್ಚ್ ಪ್ಲೈಯ ಚಂದವೇ ಅದು. 18 ಎಂಎಂ ದಪ್ಪದಲ್ಲಿ 13 ಪದರ, ಎಲ್ಲವೂ ಒಂದೇ ಮರ, ಎಲ್ಲವೂ ಹೆಚ್ಚುಕಡಿಮೆ ಒಂದೇ ದಪ್ಪ. ಕತ್ತರಿಸಿ ಎಣ್ಣೆ ಹಚ್ಚಿದರೆ ಗೆರೆ ಎಳೆದ ಹಾಗೆ ಕಾಣುತ್ತದೆ. ಮೇಲೆ ಪಟ್ಟಿ ಅಂಟಿಸುವ ಕೆಲಸವೇ ಇಲ್ಲ. ನಮ್ಮ ಕಡೆಯ ಪ್ಲೈ 8×4 ಅಡಿ ಬಂದರೆ ಇದು ಹೆಚ್ಚಾಗಿ 5×5 ಅಡಿಯ ಚೌಕದಲ್ಲಿ ಬರುತ್ತಿತ್ತು. ನಾನು ತೋರಿಸಿದ ಸ್ಯಾಂಪಲ್ ಹಳೆಯ ಲಾಟಿನದು. ಬಂದ ಶೀಟುಗಳು ಹೊಸ ಲಾಟಿನವು. ರೇಟು ಹೆಚ್ಚುಕಡಿಮೆ ದುಪ್ಪಟ್ಟು. ಅಡ್ಡಕ್ಕೆ ಕತ್ತರಿಸಿ ನೋಡಿದಾಗ ಮೇಲೆ, ಕೆಳಗೆ ಮಾತ್ರ ಕಾಗದದಷ್ಟು ತೆಳ್ಳಗೆ ಬರ್ಚ್. ಒಳಗೆಲ್ಲ ಪಾಪ್ಲರ್ ಅನ್ನುವ ಮೆತ್ತನೆಯ ಬೇರೆ ಮರ. ಒಂದು ಪದರ ದಪ್ಪ, ಇನ್ನೊಂದು ಸಣ್ಣ. ಮಧ್ಯದಲ್ಲಿ ಒಂದು ಕಡೆ ಪೆನ್ಸಿಲ್ಲಿನ ಮೊನೆ ಪೂರ್ತಿ ಒಳಗೆ ಹೋಯಿತು.

ಅಂಗಡಿಗೆ ಫೋನ್ ಮಾಡಿದೆ. "ಎಲ್ಲರಿಗೂ ಇದೇ ಬರ್ತಾ ಇದೆ, ಸರ್. ಬೇಡ ಅಂದ್ರೆ ಅದೂ ಸಿಗಲ್ಲ" ಅಂದರು. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಬರ್ಚ್ ಪ್ಲೈ ದೊಡ್ಡ ಪ್ರಮಾಣದಲ್ಲಿ ಬರುತ್ತಿದ್ದದ್ದು ರಷ್ಯಾದಿಂದ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾಯಿತು. ಮಾರ್ಚ್, ಏಪ್ರಿಲ್ ಹೊತ್ತಿಗೆ ಯುರೋಪು ಬೆಲಾರೂಸ್ ಮತ್ತು ರಷ್ಯಾದ ಮರಕ್ಕೆ ನಿರ್ಬಂಧ ಹಾಕಿತು. ಅಲ್ಲಿಯ ಕೊಳ್ಳುವವರೆಲ್ಲ ಫಿನ್ಲೆಂಡ್, ಲಾಟ್ವಿಯಾ ಮಾಲಿಗೆ ಮುಗಿಬಿದ್ದರು. ಇದ್ದ ಒಳ್ಳೆಯ ಶೀಟಿನ ಬೆಲೆ ಏರಿತು. ಖಾಲಿ ಬಿದ್ದ ಜಾಗಕ್ಕೆ ಬರ್ಚ್ ಮುಖ ಹಚ್ಚಿದ ಪಾಪ್ಲರ್ ಪ್ಲೈ ಬಂತು. ಜೊತೆಗೆ ಆ ವರ್ಷದ ಆರಂಭದಲ್ಲಿ ಸುಮಾರು 75 ರೂಪಾಯಿ ಇದ್ದ ಡಾಲರ್ ವರ್ಷ ಮುಗಿಯುವುದರೊಳಗೆ 80 ದಾಟಿತ್ತು. ಆದರೆ ಬಿಲ್ಲಿನಲ್ಲಿ "ಬರ್ಚ್ ಪ್ಲೈ" ಅಂತ ಬರೆದು ಒಳಗೆ ಬೇರೆ ಮರ ಕೊಟ್ಟದ್ದಕ್ಕೆ ಯುದ್ಧ ಕಾರಣವಲ್ಲ ಅಲ್ವಾ?

ಆ ಶೀಟುಗಳ ದುಡ್ಡು ನನ್ನ ಕೈಯಿಂದಲೇ ಹೋಯಿತು. ಗ್ರಾಹಕರ ಹತ್ತಿರ ಹೋಗಿ ಎರಡು ತುಂಡನ್ನೂ ಟೇಬಲ್ ಮೇಲಿಟ್ಟೆ. ಮೇಡಂ ಹಳೆಯದನ್ನೊಮ್ಮೆ, ಹೊಸದನ್ನೊಮ್ಮೆ ಕೈಯಲ್ಲಿ ತಿರುಗಿಸಿದರು. "ನೀವು ಹೇಳದೆ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ" ಅಂದರು. ನನಗೆ ನಿಜವಾಗಿ ಹೆದರಿಕೆ ಆದದ್ದು ಆ ಮಾತಿಗೆ. ಅವರಿಗೆ ಗೊತ್ತಾಗುವುದಿಲ್ಲ, ಸರಿ. ನನಗೂ ಗೊತ್ತಾಗಿದ್ದು ಆಕಸ್ಮಿಕವಾಗಿ. ಒಂದು ಸಲ ಕಡಿಮೆ ಉಜ್ಜಿದ್ದರೆ ಆ ಕಪಾಟು ಹಾಗೇ ಅವರ ಮನೆ ಸೇರುತ್ತಿತ್ತು.

ಮೂರು ಅಂಗಡಿ ಅಲೆದು ಹಳೆಯ ಲಾಟಿನ ನಾಲ್ಕು ಶೀಟು ಹುಡುಕಿದೆ. ಅಂಚು ಕಾಣುವ ಅಡ್ಡ ಹಲಗೆಗಳಿಗೆ ಮಾತ್ರ ಅದನ್ನು ಹಾಕಿದೆ. ಪಕ್ಕದ ಹಲಗೆ, ಹಿಂಭಾಗ ಎಲ್ಲ ಇಲ್ಲಿಯದೇ ಪ್ಲೈ, ಮೇಲೆ ವಿನಿಯರ್, ಅಂದರೆ ಮರದ ತೆಳು ಹಾಳೆ. ಕಪಾಟು ಇವತ್ತಿಗೂ ಗಟ್ಟಿಯಾಗಿದೆ. ಕಣ್ಣಿಗೆ ಬೀಳುವ ಕಡೆ ಮಾತ್ರ ಹೊರಗಿನ ಮಾಲು, ಉಳಿದ ಕಡೆ ಇಲ್ಲಿಯದು ಅನ್ನುವ ಲೆಕ್ಕ ನನಗೆ ಆ ಕೆಲಸದಿಂದಲೇ ಬಂತು.

ಆದರೆ "ಇಲ್ಲಿಯದು" ಅಂದುಕೊಳ್ಳುವ ಪ್ಲೈ ಕೂಡ ಪೂರ್ತಿ ಇಲ್ಲಿಯದಲ್ಲ. ಇದನ್ನು ನಾನು ತಡವಾಗಿ ತಿಳಿದುಕೊಂಡೆ. ಒಳಗಿನ ಕೋರ್, ಅಂದರೆ ನಡುವಿನ ಪದರಗಳು, ನಮ್ಮ ದೇಶದ್ದೇ: ಹರಿಯಾಣದ ಯಮುನಾನಗರದ ಕಡೆಯಿಂದ ಬಂದರೆ ಪಾಪ್ಲರ್ ಮತ್ತು ನೀಲಗಿರಿ ಮರ; ಕೇರಳದ ಪೆರುಂಬಾವೂರಿನಿಂದ ಬಂದರೆ ರಬ್ಬರ್ ಮರ, ಸಿಲ್ವರ್ ಓಕ್. ಮೇಲಿನ ಕೆಂಪು ಮುಖ ಮಾತ್ರ ಹೆಚ್ಚಾಗಿ ಹಡಗಿನಲ್ಲಿ ಬಂದದ್ದು. ಮೊದಲು ಅಸ್ಸಾಂ ಕಡೆಯ ಕಾಡಿನ ಮರ ಇತ್ತು. ಕಾಡಿನ ಮರ ಕಡಿಯುವುದನ್ನು ತಡೆದ 1996ರ ಡಿಸೆಂಬರಿನ ಸುಪ್ರೀಂ ಕೋರ್ಟ್ ಆದೇಶದ ನಂತರ ಅಲ್ಲಿಯ ಬಹಳಷ್ಟು ಮಿಲ್ಲುಗಳು ನಿಂತವು. ಆಮೇಲೆ ಬರ್ಮಾದ ಗರ್ಜನ್ ಅನ್ನುವ ಕೆಂಪು ಮರವನ್ನೇ ಎಲ್ಲರೂ ನೆಚ್ಚಿಕೊಂಡರು. 2014ರ ಏಪ್ರಿಲ್‌ನಿಂದ ಅವರೂ ದಿಮ್ಮಿ ಕಳಿಸುವುದನ್ನು ನಿಲ್ಲಿಸಿದರು. ಈಗ ಆಫ್ರಿಕಾದ ಗಬೋನಿನ ಒಕೂಮೆ ಜಾಸ್ತಿ. ಗಬೋನ್ ಕೂಡ 2010ರಿಂದ ದಿಮ್ಮಿ ಬಿಡುತ್ತಿಲ್ಲ, ಅಲ್ಲೇ ಸುಲಿದ ವಿನಿಯರ್ ಬರುತ್ತದೆ. ಒಕೂಮೆ ಕೆಟ್ಟ ಮರವೇನಲ್ಲ. ನಸುಗುಲಾಬಿ ಬಣ್ಣ, ಹಗುರ. ಆದರೆ ಅದಕ್ಕೆ ಕೆಂಪು ಬಣ್ಣ ಹಚ್ಚಿ ಗರ್ಜನ್ ಅಂತ ಮಾರಿದಾಗ ನಾವು ಗರ್ಜನ್ ರೇಟು ಕೊಟ್ಟು ಬರುತ್ತೇವೆ. ಒದ್ದೆ ಬಿಳಿ ಬಟ್ಟೆಯಲ್ಲಿ ಗಟ್ಟಿಯಾಗಿ ಒರೆಸಿ ನೋಡಿ. ಬಟ್ಟೆ ಕೆಂಪಾದರೆ ಆ ಶೀಟನ್ನು ಅಲ್ಲೇ ಬಿಟ್ಟು ಬನ್ನಿ.

ನಮ್ಮಪ್ಪ ಸಾಗರದ ಕಡೆ ಹೊನ್ನೆ, ಮತ್ತಿ, ಹಲಸಿನಲ್ಲಿ ಕೆಲಸ ಮಾಡಿದವರು. ದಿಮ್ಮಿ ಕೊಳ್ಳುವಾಗ ಅವರು ಮೈ ನೋಡುತ್ತಿರಲಿಲ್ಲ, ತಲೆ ನೋಡುತ್ತಿದ್ದರು. ಕೊಯ್ದ ತುದಿಯ ಮೇಲೆ ನೀರು ಚಿಮುಕಿಸಿ, ಸೀಳು ಎಲ್ಲಿದೆ, ಬಿಳಿಮರ ಎಷ್ಟಿದೆ ಅಂತ ನೋಡಿ ಆಮೇಲೆ ರೇಟು ಕೇಳುತ್ತಿದ್ದರು. ನಾನು ಇಪ್ಪತ್ತು ವರ್ಷ ಪ್ಲೈ ಕೊಂಡೆ, ಬರೀ ಮುಖ ಮತ್ತು ಸೀಲು ನೋಡಿ.

ಈಗ ಹೀಗೆ ಮಾಡುತ್ತೇನೆ. ಸಿದ್ದಯ್ಯ ರಸ್ತೆಯ ಅಂಗಡಿಯಾದರೂ ಸರಿ, ಗೋಡೌನ್ ಆದರೂ ಸರಿ, ದಪ್ಪ ಅಳೆಯುವ ವರ್ನಿಯರ್ ಜೊತೆಗಿರುತ್ತದೆ. 18 ಎಂಎಂ ಶೀಟಿನ ನಾಲ್ಕು ಮೂಲೆ ಅಳೆಯುತ್ತೇನೆ. ಐಎಸ್‌ಐ ನಿಯಮದಲ್ಲಿ ಶೇ. 5ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ, ಅಂದರೆ 17.1 ತನಕ. ಆದರೆ ಒಂದು ಮೂಲೆ 17.2, ಇನ್ನೊಂದು 18.3 ಇದ್ದರೆ ನನ್ನ ಕೆಲಸಕ್ಕೆ ಆಗುವುದಿಲ್ಲ. ಹಲಗೆ ಕೂರಿಸಲು ರೌಟರಿನಲ್ಲಿ ಕೊರೆದ ತೋಡಿನಲ್ಲಿ ಒಂದು ಹಲಗೆ ಅಲ್ಲಾಡುತ್ತದೆ, ಇನ್ನೊಂದು ಹೋಗುವುದೇ ಇಲ್ಲ. ಆಮೇಲೆ ತೂಕ. ವರ್ಕ್‌ಶಾಪಿನಲ್ಲಿ ತೂಕದ ಮಿಷನ್ ಇಟ್ಟಿದ್ದೇನೆ. 18 ಎಂಎಂನ ಒಳ್ಳೆಯ ಗಟ್ಟಿ ಮರದ ಕೋರ್ ಇರುವ 8×4 ಶೀಟು ಸುಮಾರು 35 ಕೆಜಿ ತೂಗಬೇಕು. ಒಬ್ಬನೇ ಹುಡುಗ ಬಗಲಲ್ಲಿ ಇಟ್ಟುಕೊಂಡು ಸಲೀಸಾಗಿ ನಡೆದರೆ ಒಳಗೆ ಏನಿದೆ ಅಂತ ನಾನು ಕೇಳುತ್ತೇನೆ.

ಸೀಲು ನೋಡುತ್ತೇನೆ, ಆದರೆ ನಂಬುವುದು ನಂಬರ್ ಪರೀಕ್ಷೆ ಮಾಡಿದ ಮೇಲೆ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅನ್ನುವ ಲೈಸೆನ್ಸ್ ನಂಬರ್ ಇರುತ್ತದೆ. ಅದನ್ನು ಆ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆಪಿನಲ್ಲಿ ಹಾಕಿದರೆ ಯಾವ ಕಾರ್ಖಾನೆ, ಯಾವ ಮಾಲಿಗೆ ಲೈಸೆನ್ಸು ಅಂತ ಬರುತ್ತದೆ. ಐಎಸ್ 303 ಅಂದರೆ ಸಾಮಾನ್ಯ ಕೆಲಸದ ಪ್ಲೈ, ಐಎಸ್ 710 ಅಂದರೆ ಮರೀನ್, ನೀರು ತಾಳುವ ಪ್ಲೈ. 303ರ ಲೈಸೆನ್ಸು ಇಟ್ಟುಕೊಂಡು 710 ಅಂತ ಮುದ್ರೆ ಒತ್ತಿದ ಶೀಟು ನನ್ನ ಕೈಗೇ ಬಂದಿದೆ. 2025ರ ಫೆಬ್ರವರಿ 28ರಿಂದ ಪ್ಲೈವುಡ್ಡಿಗೆ ಐಎಸ್‌ಐ ಗುರುತು ಕಡ್ಡಾಯ, ಹೊರದೇಶದ ಮಾಲಿಗೂ ಸೇರಿ. ಸಣ್ಣ ಘಟಕಗಳಿಗೆ ಸ್ವಲ್ಪ ಜಾಸ್ತಿ ಸಮಯ ಕೊಟ್ಟಿದ್ದರು. ಒಳ್ಳೆಯ ಆದೇಶ ಅಂತಲೇ ನನ್ನ ಅಭಿಪ್ರಾಯ. ಹೊರಗಿನ ಕೆಲವು ಮಾಲು ಸಿಗುವುದು ಕಷ್ಟವಾಯಿತು, ರೇಟೂ ಏರಿತು. ಆದರೂ ಜಗಳಕ್ಕೆ ಕೈಯಲ್ಲಿ ಒಂದು ಕಾಗದ ಇದೆ ಈಗ.

ಕೊನೆಯ ಪರೀಕ್ಷೆ ಕುದಿಸುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾರು ಬೇಕಾದರೂ ಮಾಡಬಹುದು. ಮರೀನ್ ಪ್ಲೈಗೆ ನಿಯಮದ ಪ್ರಕಾರ 72 ಗಂಟೆ ಕುದಿಸಬೇಕು. ನನ್ನ ಹತ್ತಿರ ಪ್ರಯೋಗಾಲಯ ಇಲ್ಲ. ಹಳೆಯ ಅಲ್ಯೂಮಿನಿಯಂ ಪಾತ್ರೆ, ಒಂದು ಗ್ಯಾಸ್ ಒಲೆ ಇದೆ. ಹೊಸ ಲಾಟ್ ಬಂದರೆ ಒಂದು ಶೀಟಿನ ನಡುವಿನಿಂದ ಆರಿಂಚು ಉದ್ದ, ಮೂರಿಂಚು ಅಗಲದ ತುಂಡು ತೆಗೆಯುತ್ತೇನೆ. ಮೂಲೆಯ ತುಂಡು ಬೇಡ, ಮೂಲೆಯಲ್ಲಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಬೆಳಿಗ್ಗೆ ಒಲೆ ಮೇಲಿಟ್ಟರೆ ಸಂಜೆ ತನಕ ಎಂಟು ಗಂಟೆ. ತುಂಡು ತೇಲದ ಹಾಗೆ ಮೇಲೊಂದು ಕಲ್ಲು. ರಾತ್ರಿ ಆರಲು ಬಿಟ್ಟು ಮರುದಿನ ಮತ್ತೆ. ಹೀಗೆ ಮೂರು ದಿನ. ಕೆಟ್ಟ ಅಂಟಾದರೆ ಮೊದಲ ದಿನ ಮಧ್ಯಾಹ್ನಕ್ಕೇ ಗೊತ್ತಾಗುತ್ತದೆ: ಮೂಲೆ ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ನೀರು ಕೆಂಪಾಗುತ್ತದೆ. ಉಳಿದರೆ ಉಳಿಯನ್ನು ಅಂಟಿನ ಗೆರೆಗೆ ಇಟ್ಟು ಕೊಡತಿಯಲ್ಲಿ ಒಂದು ಏಟು ಹಾಕುತ್ತೇನೆ. ಮರದ ನಾರು ಸಿಗಿದು ಎರಡೂ ಕಡೆ ಅಂಟಿಕೊಂಡು ಬಂದರೆ ಅಂಟು ಗಟ್ಟಿ. ನುಣ್ಣಗೆ, ಗಾಜಿನ ಹಾಗೆ ಬಿಟ್ಟುಕೊಂಡರೆ ಆ ಲಾಟು ಸಿಂಕಿನ ಕೆಳಗೆ ಹೋಗುವುದಿಲ್ಲ. ಅಂಟಿನ ಗೆರೆ ಕಪ್ಪಗಿದ್ದರೆ ಅದು ನೀರು ತಾಳುವ ಫೀನಾಲ್ ಅಂಟು, ಒಳ್ಳೆಯದು ಅಂತ ಹೇಳುತ್ತಾರೆ. ಅದಕ್ಕೂ ಬಣ್ಣ ಬೆರೆಸುತ್ತಾರೆ. ಹಾಗಾಗಿ ಗೆರೆ ನೋಡಿ ಸುಮ್ನೆ ಒಪ್ಪಬೇಡಿ.

ಕೋರಿನಲ್ಲಿ ಗ್ಯಾಪ್ ಯಾಕೆ ಬೀಳುತ್ತದೆ ಅಂತ ನೋಡಲು ಒಮ್ಮೆ ಪೆರುಂಬಾವೂರಿಗೇ ಹೋಗಿದ್ದೆ. ಹೋದದ್ದು ಒಳ್ಳೆಯದಾಯಿತು. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಲಾರಿ ಲಾರಿಯಾಗಿ ಅಲ್ಲಿ ಇಳಿಯುತ್ತದೆ. ದಿಮ್ಮಿಯನ್ನು ಪೆನ್ಸಿಲ್ ಕೆತ್ತಿದ ಹಾಗೆ ಸುಲಿದು, ಒಣಗಿಸಿ, ಅಂಟಿನ ರೋಲರಿಗೆ ಕೊಡುತ್ತಾರೆ. ಅಲ್ಲಿಂದ ಮುಂದೆ ಕೈಕೆಲಸ. ಕೆಲಸಗಾರರು ಕೋರಿನ ತುಂಡುಗಳನ್ನು ಒಂದರ ಪಕ್ಕ ಒಂದು ಹಾಸುತ್ತಾರೆ. ಅವಸರದಲ್ಲಿ ಎರಡರ ನಡುವೆ ಬೆರಳು ಜಾಗ ಉಳಿದರೆ ಗ್ಯಾಪ್, ಒಂದರ ಮೇಲೊಂದು ಹತ್ತಿದರೆ ಉಬ್ಬು. ಪ್ರೆಸ್ ಆದ ಮೇಲೆ ಎರಡೂ ಕಾಣುವುದಿಲ್ಲ. ಕೆಲವು ಮಿಲ್ಲಿನಲ್ಲಿ ತುಂಡುಗಳನ್ನು ಮೊದಲೇ ಹೊಲಿದು ಒಂದೇ ಹಾಳೆ ಮಾಡುವ ಮಿಷನ್ ಇದೆ. ಕೋರನ್ನು ಒಮ್ಮೆ ಪ್ರೆಸ್ ಮಾಡಿ, ಸ್ಯಾಂಡ್ ಹೊಡೆದು ಸಮ ಮಾಡಿ, ಆಮೇಲೆ ಮುಖ ಹಚ್ಚುತ್ತಾರೆ. ಇದೇ ಕ್ಯಾಲಿಬ್ರೇಟೆಡ್ ಪ್ಲೈ. ಚದರ ಅಡಿಗೆ ಸ್ವಲ್ಪ ಜಾಸ್ತಿ ಕೊಟ್ಟು ಈಗ ಅದನ್ನೇ ತರುತ್ತೇನೆ, ಒಂದೇ ಮಿಲ್ಲಿನಿಂದ. ಉಬ್ಬು ತಗ್ಗು ಮುಚ್ಚಲು ಹಾಕುತ್ತಿದ್ದ ಅಂಟು, ಕೂಲಿ ಉಳಿಯುತ್ತಿದೆ.

ಅಂಚು ಕಾಣುವ ಕೆಲಸ ಬಂದರೆ ಈಗ ಅರ್ಧ ಇಂಚಿನ ತೇಗದ ಪಟ್ಟಿ ಹೊಡೆಯುತ್ತೇನೆ. ನಿಜವಾದ ಬರ್ಚೇ ಬೇಕು ಅಂದವರಿಗೆ ತಂದು ಕೊಡುತ್ತೇನೆ, ಆದರೆ ಶೀಟು ಬಂದು, ಕತ್ತರಿಸಿ, ಅವರು ಅಂಚು ನೋಡಿ ಒಪ್ಪಿದ ಮೇಲೆಯೇ ಕೆಲಸ ಶುರು. ಕೋಟೇಶನ್ನಿನಲ್ಲಿ ಪ್ಲೈ ರೇಟು ಬೇರೆ, ಕೂಲಿ ಬೇರೆ ಬರೆಯುತ್ತೇನೆ. ಪ್ಲೈ ರೇಟಿಗೆ ಏಳು ದಿನದ ಗಡುವು. ಮೊದಲು ಒಂದು ತಿಂಗಳು ಕೊಡುತ್ತಿದ್ದೆ, ಈಗ ಆಗುವುದಿಲ್ಲ. ಶೇ. 18 ಜಿಎಸ್‌ಟಿಯನ್ನೂ ಬಿಡಿಸಿ ತೋರಿಸುತ್ತೇನೆ. ಕೆಲವರು ಕಡಿಮೆ ರೇಟಿನವರ ಹತ್ತಿರ ಹೋಗುತ್ತಾರೆ. ಹೋದವರಲ್ಲಿ ಇಬ್ಬರು ಒಂದೂವರೆ ವರ್ಷದ ಮೇಲೆ ಕರೆದಿದ್ದರು. ವಾರ್ಡ್‌ರೋಬ್ ಒಳಗೆ ಹಿಟ್ಟಿನ ಹಾಗೆ ಪುಡಿ ಬೀಳುತ್ತಿದೆ ಅಂತ. ಕೋರಿಗೆ ಕುಟ್ಟೆ ಹಿಡಿದಿತ್ತು. ಮೈಕಾ ಮಾತ್ರ ಹೊಸದರ ಹಾಗೇ ಇತ್ತು. ಬಾಗಿಲನ್ನು ಹಿಂಜಿನಿಂದ ಬಿಚ್ಚಿದಾಗ ಸ್ಕ್ರೂ ಜೊತೆ ಒಂದು ಹಿಡಿ ಪುಡಿ ಬಂತು.

ಈಗ ಹೆಬ್ಬೇವು ನೋಡುತ್ತಿದ್ದೇನೆ. ನಮ್ಮ ರೈತರೇ ಬೆಳೆಯುವ ಮರ, ಆರೇಳು ವರ್ಷಕ್ಕೆ ಸುಲಿಯಲು ಬರುತ್ತದೆ, ನೆಟ್ಟಗೆ ಬೆಳೆಯುತ್ತದೆ. ಹೋದ ವಾರ ಹೆಬ್ಬೇವಿನ ಕೋರ್ ಇರುವ ಎರಡು ಶೀಟು ತರಿಸಿದೆ. ನಾಲ್ಕು ಮೂಲೆಯಲ್ಲೂ 17.8ರಿಂದ 18ರ ಒಳಗಿದೆ, ಅಂಚಿನಲ್ಲಿ ಒಂದೂ ಗ್ಯಾಪ್ ಇಲ್ಲ. ನಡುವಿನ ತುಂಡು ಒಲೆ ಮೇಲಿದೆ, ಇವತ್ತು ಎರಡನೇ ದಿನ. ನೀರು ಇನ್ನೂ ತಿಳಿಯಾಗಿದೆ. ನಾಳೆ ಸಂಜೆ ಉಳಿ ಇಟ್ಟು ನೋಡಬೇಕು.