ಡೊಂಬಿವಲಿಯ ಸಂಘಕ್ಕೆ ಸ್ವಂತ ಸರ್ವರ್: ನನ್ನ ಅನುಭವ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಗ್ರಂಥಾಲಯದ ಪುಸ್ತಕಪಟ್ಟಿಯೂ ಸದಸ್ಯರ ವಿವರಗಳೂ ಬಹುಕಾಲ ಎಕ್ಸೆಲ್ ಕಡತಗಳಲ್ಲಿದ್ದವು. ಕಾರ್ಯದರ್ಶಿಯವರ ಬಳಿಯ ಪ್ರತಿಗೂ ಗ್ರಂಥಾಲಯದ ಪ್ರತಿಗೂ ತಾಳೆಯಾಗುತ್ತಿರಲಿಲ್ಲ. ಸದಸ್ಯರು ಫೋನಿನಿಂದಲೇ ಪುಸ್ತಕ ಹುಡುಕುವಂತಾಗಬೇಕು, ಆದರೆ ಅವರ ವಿಳಾಸ, ದೂರವಾಣಿ ಸಂಖ್ಯೆಗಳು ಸಂಘದ ಕೈಯಲ್ಲೇ ಉಳಿಯಬೇಕು ಎಂದು ಸಮಿತಿ ತೀರ್ಮಾನಿಸಿದ್ದರಿಂದ, ಕಚೇರಿಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್‌ಗೆ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿ ಅದನ್ನೇ ಸರ್ವರ್ ಮಾಡುವ ಕೆಲಸವನ್ನು ನಾನು ವಹಿಸಿಕೊಂಡೆ.

ದತ್ತಾಂಶಕ್ಕೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್, ಅದರ ಮುಂದೆ ಪೋಸ್ಟ್‌ಗ್ರೆಸ್ಟ್ ಎಂಬ ತಂತ್ರಾಂಶ, ಇವೆರಡನ್ನೂ ಡಾಕರ್ ಕಂಪೋಸ್‌ನ ಒಂದೇ ಕಡತದಲ್ಲಿ ಬರೆದೆ. ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವುದು ಡಾಕರ್; ಯಾವ ಡಬ್ಬಿಗಳು ಹೇಗೆ ಓಡಬೇಕೆಂದು ಬರೆದಿಡುವುದು ಕಂಪೋಸ್ ಕಡತ. ಪೋಸ್ಟ್‌ಗ್ರೆಸ್ಟ್ ಕೋಷ್ಟಕಗಳನ್ನು ನೋಡಿ ತಾನೇ ಎಪಿಐಯನ್ನು, ಅಂದರೆ ಆ್ಯಪ್‌ಗಳು ದತ್ತಾಂಶ ಕೇಳಿ ಪಡೆಯುವ ದಾರಿಯನ್ನು, ಒದಗಿಸುವುದರಿಂದ ನಾನು ಬರೆಯಬೇಕಾದ ಕೋಡ್ ಬಹಳ ಕಡಿಮೆಯಾಯಿತು. ಲಾಗಿನ್ ಆಗದವರಿಗೆ ಪುಸ್ತಕಗಳ ಕೋಷ್ಟಕವನ್ನು ಓದುವ ಹಕ್ಕು ಮಾತ್ರ ಕೊಟ್ಟು, ಸದಸ್ಯರ ಕೋಷ್ಟಕವನ್ನು ಎಪಿಐಗೆ ಕಾಣದ ಬೇರೆ ಸ್ಕೀಮಾದಲ್ಲಿ (ಡೇಟಾಬೇಸಿನೊಳಗಿನ ಪ್ರತ್ಯೇಕ ವಿಭಾಗದಲ್ಲಿ) ಇಟ್ಟಿದ್ದೇನೆ. ಅನುಮತಿಯ ನಿಯಮಗಳೆಲ್ಲ ಡೇಟಾಬೇಸಿನೊಳಗೇ ಇರಬೇಕೆಂಬುದು ನನ್ನ ಪಕ್ಷಪಾತ. ನಾಳೆ ಆ್ಯಪ್ ಬದಲಾದರೂ ಅವು ಬದಲಾಗುವುದಿಲ್ಲ.

ಕಂಟೇನರ್‌ಗಳನ್ನು ಎಬ್ಬಿಸುವುದು ಒಂದು ಸಂಜೆಯ ಕೆಲಸವಷ್ಟೇ. ಯೋಚನೆ ಬೇಡುವುದು ಅವುಗಳ ಹೊರಗೆ ಏನಿರಬೇಕು, ಹೊರಗಿನವರಿಗೆ ಏನು ಕಾಣಬೇಕು ಎಂಬ ವಿಷಯ. ಕಂಟೇನರನ್ನು ಅಳಿಸಿದರೆ ಅದರೊಳಗೆ ಬರೆದದ್ದೂ ಅಳಿಯುತ್ತದೆ; ಆದ್ದರಿಂದ ಪೋಸ್ಟ್‌ಗ್ರೆಸ್‌ನ ದತ್ತಾಂಶವನ್ನು ಹೆಸರಿಟ್ಟ ವಾಲ್ಯೂಮ್‌ನಲ್ಲಿ, ಅಂದರೆ ಕಂಟೇನರ್ ಅಳಿದರೂ ಉಳಿಯುವ ಜಾಗದಲ್ಲಿ, ಇಡಲೇಬೇಕು. ಕಂಪೋಸ್ ಕಡತದಲ್ಲಿ ಕೊಡುವ ಪಾಸ್‌ವರ್ಡ್ ಆ ವಾಲ್ಯೂಮ್ ಖಾಲಿಯಿರುವಾಗ, ಅಂದರೆ ಮೊದಲ ಸಲ, ಮಾತ್ರ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಕಡತದಲ್ಲಿ ಎಷ್ಟು ತಿದ್ದಿದರೂ ಹಳೆಯದೇ ನಡೆಯುತ್ತದೆ. ಡೇಟಾಬೇಸಿನೊಳಗೆ ಹೋಗಿಯೇ ಬದಲಿಸಬೇಕು.

ಪೋರ್ಟ್‌ಗಳ, ಅಂದರೆ ಜಾಲದಿಂದ ಒಂದೊಂದು ತಂತ್ರಾಂಶಕ್ಕೆ ತಲುಪುವ ಬಾಗಿಲುಗಳ, ವಿಷಯ ಇನ್ನೂ ಸೂಕ್ಷ್ಮ. ಪೋಸ್ಟ್‌ಗ್ರೆಸ್‌ನ ಪೋರ್ಟಾದ 5432ನ್ನು ಕಂಪೋಸ್‌ನಲ್ಲಿ ಹೊರಕ್ಕೆ ತೆರೆದರೆ ಡಾಕರ್, ಲಿನಕ್ಸ್‌ನ ಜಾಲ ಸಂಚಾರದ ನಿಯಮಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಸೇರಿಸುವುದರಿಂದ, ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ಮುಚ್ಚಿದ್ದರೂ ಅದು ಹೊರಗಿನವರಿಗೆ ತೆರೆದೇ ಇರುತ್ತದೆ. ಎರಡು ಕಂಟೇನರ್‌ಗಳು ಒಂದೇ ಕಂಪೋಸ್ ಜಾಲದಲ್ಲಿ ಸೇವೆಯ ಹೆಸರು ಹಿಡಿದೇ ಪರಸ್ಪರ ಮಾತಾಡಬಲ್ಲವಾದ್ದರಿಂದ ಡೇಟಾಬೇಸಿನ ಪೋರ್ಟನ್ನು ನಾನು ತೆರೆಯಲೇ ಇಲ್ಲ.

ಹೊರಗಿನಿಂದ ಸರ್ವರನ್ನು ತಲುಪಲು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೆ (ಹೊರಗಿನ ಕರೆಯನ್ನು ಒಳಗಿನ ಯಂತ್ರಕ್ಕೆ ದಾಟಿಸಿದರೆ) ಸಾಕೆಂದು ಅನೇಕರು ಸಲಹೆ ಕೊಟ್ಟರು. ಆದರೆ ರೂಟರ್‌ಗೆ ಸಿಕ್ಕ ಐಪಿ 100.72 ಎಂದು ಆರಂಭವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು, ಒಂದೇ ಸಾರ್ವಜನಿಕ ಐಪಿಯನ್ನು ಅನೇಕ ಗ್ರಾಹಕರಿಗೆ ಹಂಚುವ ಸಂಪರ್ಕಗಳಿಗೆ ಮೀಸಲು. ಹೊರಗಿನ ಕರೆ ನಮ್ಮ ರೂಟರ್‌ವರೆಗೆ ಬರುವುದೇ ಇಲ್ಲವಾದ್ದರಿಂದ ಅಲ್ಲಿ ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ. ಹಾಗಾಗಿ ಅತಿ ಚಿಕ್ಕದೊಂದು ವಿಪಿಎಸ್ (ಸಾರ್ವಜನಿಕ ಐಪಿ ಇರುವ ಬಾಡಿಗೆ ಸರ್ವರ್) ಪಡೆದು, ನಮ್ಮ ಯಂತ್ರದಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ಎನ್‌ಕ್ರಿಪ್ಟ್ ಆದ ಸುರಂಗ ಹಾಕಿ, ಹೊರಗಿನ ಕರೆಗಳನ್ನು ನಮ್ಮ ಯಂತ್ರಕ್ಕೆ ದಾಟಿಸಲು ವಿಪಿಎಸ್‌ನಲ್ಲಿ ಕ್ಯಾಡಿ ಎಂಬ ವೆಬ್ ಸರ್ವರನ್ನು ನಿಲ್ಲಿಸಿದೆ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರವನ್ನು ಕ್ಯಾಡಿ ತಾನೇ ಪಡೆದು, ಅವಧಿ ಮುಗಿಯುವ ಮೊದಲೇ ನವೀಕರಿಸುತ್ತದೆ. ಸುರಂಗದ ನಮ್ಮ ತುದಿಯಲ್ಲಿ 25 ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಹೋಗುವಂತೆ ಕೀಪ್‌ಅಲೈವ್ ಇಟ್ಟಿರುವುದರಿಂದ, ಮಾತುಕತೆಯಿಲ್ಲದ ಹೊತ್ತಿನಲ್ಲೂ ಸಂಪರ್ಕ ಜೀವಂತವಾಗಿರುತ್ತದೆ.

ಎಲ್ಲ ನಡೆಯತೊಡಗಿದ ಮೇಲೆ ಗ್ರಂಥಾಲಯ ನೋಡಿಕೊಳ್ಳುವ ಅಕ್ಕ ಕರೆದು, “ಕೋಗಿಲೆ ಅಂತ ಹಾಕಿದ್ರೆ ಪುಸ್ತಕ ಇಲ್ಲ ಅನ್ನುತ್ತೆ ನೋಡಪ್ಪ, ಕಪಾಟಿನಲ್ಲಿ ನನ್ನ ಎದುರಿಗೇ ಇದೆ” ಎಂದರು. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಪರಿವರ್ತಿಸಿದ ಪಟ್ಟಿಯಲ್ಲಿ ‘ಕೋ’ ಎಂಬುದರ ಓಕಾರ ಒಂದೇ ಚಿಹ್ನೆಯಾಗಿರದೆ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿ ಬಿಡಿಬಿಡಿಯಾಗಿ ಸೇರಿತ್ತು. ಪರದೆಯಲ್ಲಿ ಎರಡೂ ಒಂದೇ ರೀತಿ ಕಂಡರೂ ಡೇಟಾಬೇಸಿಗೆ ಅವು ಬೇರೆ ಬೇರೆ ಪದಗಳು. ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಸ್ ಫಂಕ್ಷನ್ ಬಳಸಿ ಹಳೆಯ ಸಾಲುಗಳನ್ನೆಲ್ಲ ಒಂದೇ ರೂಪಕ್ಕೆ ತಂದು, ಹೊಸದಾಗಿ ಬರುವವುಗಳು ಸೇರುವಾಗಲೇ ಸರಿಯಾಗುವಂತೆ ಟ್ರಿಗರ್ ಕಟ್ಟಿದೆ. ‘ಆನ್‌ಲೈನ್’ನಂಥ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಅಕ್ಷರವನ್ನು ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಅದನ್ನು ತೆಗೆದ ರೂಪವೊಂದನ್ನು ಹುಡುಕಾಟಕ್ಕೆಂದೇ ಬೇರೆ ಅಂಕಣದಲ್ಲಿ ಇಟ್ಟು, ಹುಡುಕುವವರ ಪದವನ್ನೂ ಹಾಗೆಯೇ ಶುದ್ಧಮಾಡುತ್ತೇನೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ ಇದೇ.

ದಿನನಿತ್ಯದ ನಿರ್ವಹಣೆ ಹೆಚ್ಚೇನಿಲ್ಲ. ಕರೆಂಟು ಹೋಗಿ ಬಂದಾಗ ಸೇವೆಗಳು ತಾವಾಗಿ ಏಳುವಂತೆ ರೀಸ್ಟಾರ್ಟ್ ನಿಯಮ ಬರೆದಿದ್ದೇನೆ. ಡಾಕರ್‌ನ ಲಾಗ್ ಕಡತಗಳಿಗೆ ಮಿತಿ ಹಾಕದಿದ್ದರೆ ಅವು ಬೆಳೆಯುತ್ತಲೇ ಹೋಗಿ ಡಿಸ್ಕ್ ತುಂಬುವುದರಿಂದ, ತಲಾ 10 ಎಂಬಿಯ ಮೂರು ಕಡತಗಳೆಂದು ಕಟ್ಟುಹಾಕಿದ್ದೇನೆ.

ಬ್ಯಾಕಪ್‌ನ ಬಗ್ಗೆ ಮಾತ್ರ ನಾನು ಹಟಮಾರಿ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ಊರಿನ ಸೀಮೆಯಲ್ಲಿ, ನೆಲಮಹಡಿಯ ಕೋಣೆಯ ಯಂತ್ರವನ್ನೂ ಅದರ ಪಕ್ಕದ ಹಾರ್ಡ್‌ಡಿಸ್ಕನ್ನೂ ಎರಡು ಪ್ರತಿಗಳೆಂದು ಎಣಿಸಲಾಗದು. ಪ್ರತಿ ರಾತ್ರಿ ಪೋಸ್ಟ್‌ಗ್ರೆಸ್‌ನ ಪಿಜಿ-ಡಂಪ್ ಎಂಬ ಸಾಧನ ತೆಗೆದ ಪ್ರತಿ ಎನ್‌ಕ್ರಿಪ್ಟ್ ಆಗಿ ಪುಣೆಯಲ್ಲಿರುವ ಸದಸ್ಯರೊಬ್ಬರ ಯಂತ್ರಕ್ಕೆ ಹೋಗುತ್ತದೆ, ಮತ್ತು ಅವರು ಆಗಾಗ ಖಾಲಿ ಕಂಟೇನರ್‌ನಲ್ಲಿ ಅದನ್ನು ಮರುಸ್ಥಾಪಿಸಿ ಪುಸ್ತಕಗಳ ಎಣಿಕೆಯನ್ನು ನನಗೆ ಕಳುಹಿಸುತ್ತಾರೆ.

ಕಂಪೋಸ್ ಕಡತದಲ್ಲಿ ಪೋಸ್ಟ್‌ಗ್ರೆಸ್‌ನ ಇಮೇಜ್‌ಗೆ (ಕಂಟೇನರ್ ಏಳುವ ಮೂಲಪ್ರತಿಗೆ) ಆವೃತ್ತಿ ಲೇಟೆಸ್ಟ್ ಎಂದು ಬರೆಯದೆ 16 ಎಂದು ನಿಗದಿಪಡಿಸಿದ್ದೇನೆ, ಏಕೆಂದರೆ ಒಂದು ಪ್ರಮುಖ ಆವೃತ್ತಿಯ ದತ್ತಾಂಶದ ಮೇಲೆ ಮುಂದಿನ ಪ್ರಮುಖ ಆವೃತ್ತಿ ನೇರವಾಗಿ ಏಳುವುದಿಲ್ಲ. ಹದಿನಾರಕ್ಕೆ 2028ರ ನವೆಂಬರ್‌ವರೆಗೆ ಬೆಂಬಲವಿದೆ. ಅದಕ್ಕೆ ಮೊದಲೇ ಪುಣೆಯ ಯಂತ್ರದಲ್ಲಿ ಹೊಸ ಆವೃತ್ತಿಗೆ ಮರುಸ್ಥಾಪಿಸಿ ನೋಡಿ, ನಂತರ ಇಲ್ಲಿಯದನ್ನು ಬದಲಿಸುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.