ಬಿಸಿಯಾದಾಗ ಮಾತ್ರ ನಿಲ್ಲುತ್ತಿದ್ದ ಜಾವಾ

ನನ್ನದು 1968ರ ಜಾವಾ 250 ಬೈಕ್. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತಲ್ಲ, ಅಲ್ಲಿ ತಯಾರಾದದ್ದು. ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಪ್ಪನ ಈ ಗಾಡಿ ಮಾತ್ರ ಇನ್ನೂ ಓಡುತ್ತಿದೆ. ಹೋದ ವರ್ಷ ಬೇಸಿಗೆಯಲ್ಲಿ ಅದಕ್ಕೊಂದು ರೋಗ ಅಂಟಿಕೊಂಡಿತು. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಏಳೆಂಟು ಕಿಲೋಮೀಟರ್ ತೊಂದರೆ ಇಲ್ಲ. ಆಮೇಲೆ ಪಟ್ಟಂತ ಆಫ್. ಕಾಲು ಗಂಟೆ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಮತ್ತೆ ಸ್ಟಾರ್ಟ್.

ಚಾಮುಂಡಿ ಬೆಟ್ಟ ಹತ್ತುವಾಗಂತೂ ಖಾತ್ರಿ. ನಂದಿಯ ದಾರಿ ಬರುವ ಹೊತ್ತಿಗೆ ನಾನು ರಸ್ತೆ ಪಕ್ಕ ನಿಂತಿರುತ್ತಿದ್ದೆ. ಗ್ಯಾರೇಜಿಗೆ ಹೋದರೆ ಗಾಡಿ ತಣ್ಣಗಾಗಿ ಚೆನ್ನಾಗೇ ಓಡೋದು. "ಏನೂ ಇಲ್ವಲ್ಲ ಸಾರ್" ಅಂತ ಮೆಕ್ಯಾನಿಕ್ ನನ್ನ ಮುಖ ನೋಡೋದು.

ಪೆಟ್ರೋಲ್ ತೊಂದರೆ ಅಲ್ಲ ಅನ್ನೋದು ನನಗೆ ಬೇಗ ಗೊತ್ತಾಯಿತು. ಪೆಟ್ರೋಲ್ ಕಮ್ಮಿಯಾದರೆ ಗಾಡಿ ಕೆಮ್ಮುತ್ತದೆ, ಜೋತು ಬೀಳುತ್ತದೆ, ನಿಧಾನವಾಗಿ ಸಾಯುತ್ತದೆ. ಇದು ಹಾಗಲ್ಲ, ಯಾರೋ ಕೀ ತಿರುಗಿಸಿದ ಹಾಗೆ ನಿಲ್ಲುತ್ತಿತ್ತು. ಕೆಲವು ಸಲ ಉರುಳುತ್ತಿರುವಾಗಲೇ ಕಿಡಿ ವಾಪಸ್ ಬಂದು ಸೈಲೆನ್ಸರಿನಲ್ಲಿ ಢಂ ಅನ್ನೋದು. ಉರಿಯದ ಪೆಟ್ರೋಲ್ ಅಲ್ಲಿ ಸೇರಿಕೊಂಡಿರುತ್ತದಲ್ಲ, ಅದರ ಸದ್ದು. ಆದರೂ ಟ್ಯಾಂಕ್ ಮುಚ್ಚಳದ ಗಾಳಿ ತೂತು ನೋಡಿದೆ, ಅದು ಕಟ್ಟಿಕೊಂಡರೆ ಪೆಟ್ರೋಲ್ ಇಳಿಯಲ್ಲ. ಸರಿ ಇತ್ತು.

ಇಲ್ಲಿಂದ ನನ್ನ ದುಡ್ಡು ಹಾಳು ಮಾಡುವ ಅಧ್ಯಾಯ. ಕಾಯಿಲ್ ಅಂದರೆ ಬ್ಯಾಟರಿಯ ವೋಲ್ಟೇಜನ್ನು ಪ್ಲಗ್ಗಿನಲ್ಲಿ ಕಿಡಿ ಹಾರುವಷ್ಟು ಏರಿಸುವ ಸುರುಳಿ. ಪಾಯಿಂಟ್ ಅಂದರೆ ಬಾಯಿ ಮುಚ್ಚಿ ಕಾಯಿಲಿಗೆ ಕರೆಂಟ್ ಹರಿಸುವ, ಬಾಯಿ ಬಿಟ್ಟು ಅದನ್ನು ಕಡಿಯುವ ಸಣ್ಣ ಸ್ವಿಚ್; ಕಡಿದಾಗ ಪ್ಲಗ್ಗಿನಲ್ಲಿ ಕಿಡಿ. ಪಾಯಿಂಟಿನಲ್ಲೇ ಕಿಡಿ ಹಾರದ ಹಾಗೆ ನೋಡಿಕೊಳ್ಳುವುದು ಕಂಡೆನ್ಸರ್. ಬಿಸಿಗೆ ಕೈ ಕೊಡುವುದು ಅಂದರೆ ಕಂಡೆನ್ಸರ್ ಅಥವಾ ಕಾಯಿಲ್, ಎಲ್ಲರೂ ಹೇಳುವ ಮಾತು. ಸುಳ್ಳೂ ಅಲ್ಲ. ಕಂಡೆನ್ಸರ್ ಹೋದರೆ ಪಾಯಿಂಟ್ ಬಾಯಿ ಬಿಡುವಾಗ ಅಲ್ಲೇ ಜೋರಾಗಿ ಕಿಡಿ ಹಾರುತ್ತದೆ, ಪಾಯಿಂಟ್ ಸುಡುತ್ತದೆ, ಪ್ಲಗ್ಗಿನಲ್ಲಿ ಕಿಡಿ ಸಣ್ಣಗಾಗುತ್ತದೆ. ನನ್ನ ಪಾಯಿಂಟ್ ಬೂದು ಬಣ್ಣಕ್ಕಿತ್ತು, ಸುಟ್ಟಿರಲಿಲ್ಲ. ಅದನ್ನು ಕಣ್ಣಾರೆ ನೋಡಿಯೂ ಹೊಸ ಕಂಡೆನ್ಸರ್ ಹಾಕಿದೆ. ಬೆಟ್ಟದಲ್ಲಿ ಮತ್ತೆ ನಿಂತಿತು. ಹೊಸ ಕಾಯಿಲ್ ಹಾಕಿದೆ. ಮತ್ತೆ ನಿಂತಿತು. ಪ್ಲಗ್ಗಂತೂ ಮೂರು.

ನಮ್ಮ ಬೀದಿಯಲ್ಲಿ ಜಾವಾ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ಅವರ ಮುಂದೆ ಗೋಳು ತೋಡಿಕೊಂಡೆ. "ನಿಂತಾಗ ನೀನು ಏನ್ ನೋಡ್ದೆ?" ಅಂದರು. "ಏನ್ ನೋಡೋದು ಸಾರ್, ತಣ್ಣಗಾಗಲಿ ಅಂತ ಕಾಯ್ತೀನಿ" ಅಂದೆ. "ಕಳ್ಳ ಮನೆಯೊಳಗಿರೋವಾಗ ಹೊರಗೆ ಕೂತು, ಅವನು ಹೋದ್ಮೇಲೆ ಹುಡುಕ್ತೀಯಲ್ಲಪ್ಪಾ!" ಅಂದು ನಕ್ಕರು.

ಅವತ್ತು ಸಂಜೆ ಕೂತು ಕರೆಂಟಿನ ದಾರಿ ಚೀಟಿಯಲ್ಲಿ ಬರೆದೆ. 6 ವೋಲ್ಟ್ ಬ್ಯಾಟರಿ, ಫ್ಯೂಸ್, ಸ್ವಿಚ್, ಕಾಯಿಲ್, ಪಾಯಿಂಟ್, ಕೊನೆಗೆ ಅರ್ತ್ ಅಂದರೆ ಗಾಡಿಯ ಲೋಹದ ಮೈ. ಇಷ್ಟೇ. ಪಾಯಿಂಟ್ ಮುಚ್ಚಿಟ್ಟು ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 6.2, ಕಾಯಿಲ್ ಹತ್ತಿರ 5.1. ಒಂದು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಸೋರುತ್ತಿತ್ತು. 12 ವೋಲ್ಟ್ ಗಾಡಿ ಇದನ್ನು ಹೇಗೋ ತಡೆದುಕೊಂಡೀತು, ಆರು ವೋಲ್ಟಿನದಕ್ಕೆ ಆಗಲ್ಲ. ಫ್ಯೂಸ್ ಕೂರುವ ಜಾಗ, ಸ್ವಿಚ್ಚಿನ ಕಾಂಟ್ಯಾಕ್ಟ್, ಅರ್ತ್ ಬೋಲ್ಟ್ ಎಲ್ಲಾ ಉಜ್ಜಿದ ಮೇಲೆ 5.8 ಬಂತು. ಗಾಡಿ ಚುರುಕಾಯಿತು. ರೋಗ ಹೋಗಲಿಲ್ಲ.

ಆಮೇಲೆ ಮಾಡಿದ್ದು ನನಗೇ ಖುಷಿ ಕೊಟ್ಟ ಕೆಲಸ. 6 ವೋಲ್ಟಿನ ಸಣ್ಣ ಬಲ್ಬಿಗೆ ಉದ್ದನೆಯ ವೈರ್ ಹಾಕಿ, ಒಂದು ತುದಿ ಕಾಯಿಲಿಗೆ ಕರೆಂಟ್ ಬರುವ ಕಡೆಗೆ, ಇನ್ನೊಂದು ಫ್ರೇಮಿಗೆ. ಬಲ್ಬನ್ನು ಹ್ಯಾಂಡಲ್ಲಿಗೆ ಟೇಪ್ ಸುತ್ತಿದೆ. ಗಾಡಿ ಸತ್ತಾಗ ಬಲ್ಬೂ ಆರಿದರೆ ತಪ್ಪು ಕಾಯಿಲಿಗಿಂತ ಹಿಂದೆ, ಉರಿಯುತ್ತಿದ್ದರೆ ಮುಂದೆ. ಒಂದು ಎಚ್ಚರಿಕೆ: ಇಂಜಿನ್ ಓಡುವಾಗ ಬಲ್ಬನ್ನು ಕಾಯಿಲಿನ ಪಾಯಿಂಟ್ ಕಡೆಗೆ ಕಟ್ಟಬೇಡಿ. ಕಿಡಿಯ ಬಲವನ್ನು ಅದೇ ತಿಂದುಬಿಡುತ್ತದೆ.

ಭಾನುವಾರ ಮಗಳನ್ನು ಹಿಂದೆ ಕೂರಿಸಿಕೊಂಡು ಬೆಟ್ಟಕ್ಕೆ ಹೊರಟೆ. ಅದೇ ತಿರುವು, ಪಟ್ಟಂತ ಆಫ್. "ಅಪ್ಪಾ, ಲೈಟ್ ಉರೀತಾನೇ ಇದೆ!" ಅಂದಳು. ಅಲ್ಲಿಗೆ ಬ್ಯಾಟರಿ, ಫ್ಯೂಸ್, ಸ್ವಿಚ್ ಮೂರೂ ನಿರಪರಾಧಿಗಳು.

ಈ ಸಲ ಕಾಯಲಿಲ್ಲ. ಬಲಗಡೆ ಡೈನಮೋ ಕವರ್ ಬಿಚ್ಚಿ, ಬಲ್ಬಿನ ವೈರನ್ನು ಈಗ ಕಾಯಿಲಿನ ಪಾಯಿಂಟ್ ಕಡೆಗೆ ಸಿಕ್ಕಿಸಿದೆ. ಪಾಯಿಂಟ್ ಮುಚ್ಚಿದಾಗ ಬಲ್ಬ್ ಆರಬೇಕು, ತೆರೆದಾಗ ಹತ್ತಬೇಕು. ಕಿಕ್ಕರ್ ಎಡಗಡೆ, ಪಾಯಿಂಟ್ ಬಲಗಡೆ. ಅದಕ್ಕೇ ಇಬ್ಬರು ಬೇಕು. ನಾನು ಕೈಯಲ್ಲೇ ಕಿಕ್ಕರ್ ಒತ್ತಿದೆ, ಮಗಳು ನೋಡಿದಳು. ಪಾಯಿಂಟ್ ತೆರೆದು ಮುಚ್ಚುತ್ತಿದೆ, ಬಲ್ಬ್ ಆರುತ್ತಲೇ ಇಲ್ಲ. ಅಂದರೆ ಪಾಯಿಂಟಿಗೂ ಕಾಯಿಲಿಗೂ ಸಂಬಂಧವೇ ತಪ್ಪಿದೆ. ಪಾಯಿಂಟ್ ಮುಚ್ಚಿಟ್ಟು, ಅಲ್ಲಿಂದ ಹೊರಟ ವೈರನ್ನು, ಅದು ಹಾದುಹೋಗುವ ತೂತಿನ ರಬ್ಬರ್ ಬುಷ್ ಹತ್ತಿರ ಬೆರಳಲ್ಲಿ ಸ್ವಲ್ಪ ಅಲುಗಿಸಿದೆ. ಬಲ್ಬ್ ಆರಿತು. ಬಿಟ್ಟೆ, ಹತ್ತಿತು. ಇಬ್ಬರೂ ಒಟ್ಟಿಗೆ ಕಿರುಚಿದೆವು!

ಮನೆಗೆ ಬಂದು ಬ್ಯಾಟರಿ ಕಳಚಿ, ಆ ವೈರ್ ಸೀಳಿ ನೋಡಿದೆ. ಮೇಲಿನ ಹೊದಿಕೆ ಇಡಿಯಾಗಿತ್ತು. ಒಳಗೆ ತಾಮ್ರದ ಎಳೆಗಳೆಲ್ಲ ತುಂಡಾಗಿ, ಹಸಿರು ಹಿಡಿದು, ತುದಿಗೆ ತುದಿ ತಾಗಿಕೊಂಡು ನಿಂತಿದ್ದವು. ತಣ್ಣಗಿದ್ದಾಗ ತಾಗುತ್ತವೆ, ಇಂಜಿನ್ ಕಾದು ಹೊದಿಕೆ ಹಿಗ್ಗಿದಾಗ ಬಿಟ್ಟುಕೊಳ್ಳುತ್ತವೆ. ಬಿಸಿಯ ರೋಗವೇ ಹೌದು. ಬೇರೆ ಕಡೆ ಇತ್ತು, ಅಷ್ಟೆ.

ತೇಪೆ ಹಾಕಲಿಲ್ಲ, ವೈರ್ ಪೂರ್ತಿ ಬದಲಾಯಿಸಿದೆ. ಸಣ್ಣ ಎಳೆಗಳ, ಬಿಸಿ ತಡೆಯುವ ಹೊದಿಕೆಯ ವೈರ್. ತುದಿಗೆ ಬೆಸುಗೆ ಹಾಕಲಿಲ್ಲ, ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಗಡುಸಾಗಿ ಅಲ್ಲೇ ಮುರಿಯುತ್ತದೆ. ಲಗ್ ಅನ್ನೋ ಲೋಹದ ತುದಿಯನ್ನು ಒತ್ತಿ ಕೂರಿಸಿದೆ. ಎಳೆದಂತೆ ಬಿಗಿ ಇಡದೆ ಸ್ವಲ್ಪ ಸಡಿಲ ಬಿಟ್ಟೆ, ತಿರುಗುವ ಭಾಗಕ್ಕೆ ತಾಗದ ಹಾಗೆ. ಹೊಸ ರಬ್ಬರ್ ಬುಷ್. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್, ಪ್ಲಗ್ಗಿನದು 0.6. ಖರ್ಚು ಎರಡು ಟೀ ದುಡ್ಡು.

ಹಳೆ ಕಾಯಿಲ್, ಹಳೆ ಕಂಡೆನ್ಸರ್ ಎರಡನ್ನೂ ವಾಪಸ್ ಹಾಕಿದೆ. ಈಗ ಅವುಗಳ ಮೇಲೇ ಓಡುತ್ತಿದೆ. ಹೊಸವು ಟೂಲ್ ಬಾಕ್ಸಿನಲ್ಲಿ ಆ ಬಲ್ಬಿನ ಪಕ್ಕ ಮಲಗಿವೆ. ಹಿರಿಯರಿಗೆ ಸುದ್ದಿ ಹೇಳಲು ಹೋದಾಗ ಅವರು ಕೇಳಿದ್ದು ಒಂದೇ: "ಪ್ಲಗ್ ಎಷ್ಟು ತಗೊಂಡಿದ್ದೆ ಅಂದೆ? ಮೂರಾ? ಒಂದು ನಂಗ್ ಕೊಡು."